ಕಚೇರಿಯ ಕಂಪ್ಯೂಟರಿನಲ್ಲಿ ಲೈಸನ್ಸ್ ಕೀ ತುಂಬುವ ಕ್ರಮ

ಭೋಸರಿಯ ಎಂ.ಐ.ಡಿ.ಸಿ. ಪ್ರದೇಶದ ಸಣ್ಣ ಕಾರಖಾನೆಗಳಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಣೆಗೆಂದೇ ಒಬ್ಬ ಮನುಷ್ಯನನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ವಿರಳ. ಬಿಲ್ಲು ಬರೆಯುವ ಕಾರಕೂನನಾಗಲಿ, ಉಗ್ರಾಣ ನೋಡುವವನಾಗಲಿ, ಹಾಜರಿ ಪಟ್ಟಿ ಇಡುವ ಹೆಣ್ಣುಮಗಳಾಗಲಿ, “ನಿಮಗೆ ಕಂಪ್ಯೂಟರ್ ತಿಳಿಯುತ್ತದಲ್ಲ, ಇದನ್ನೂ ಸ್ವಲ್ಪ ನೋಡಿಕೊಳ್ಳಿ” ಎಂಬ ಮಾಲಕರ ಒಂದು ಮಾತಿನಿಂದ ಆ ಕಚೇರಿಯ ಗಣಕ ಆಡಳಿತಗಾರರಾಗಿಬಿಡುತ್ತಾರೆ. ಪಗಾರ ಏರುವುದಿಲ್ಲ, ಜವಾಬುದಾರಿ ಮಾತ್ರ ಏರುತ್ತದೆ. ಕಲಬುರಗಿ, ಬೀದರ, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲಿ ನೆಲೆನಿಂತ ನಮ್ಮ ವಾಚಕರಲ್ಲಿ ಇಂಥವರು ಅನೇಕರಿರಬಹುದು. ಅವರಿಗಾಗಿ ಈ ಪಾಠ.

ಕಂಪ್ಯೂಟರಿಗೆ ಲೈಸನ್ಸ್ ಕೀ ತುಂಬುವುದು ನೋಡಲಿಕ್ಕೆ ಚಿಕ್ಕ ಕೆಲಸ. ಇಪ್ಪತ್ತೈದು ಅಕ್ಷರಗಳನ್ನು ಒತ್ತಿದರೆ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಯಾವ ಕೀ, ಯಾವ ಯಂತ್ರಕ್ಕೆ, ಯಾವ ಹಕ್ಕಿನಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಒತ್ತಿದ ಅಕ್ಷರಗಳು ಮುಂದೊಂದು ದಿನ ಒತ್ತಿದವನ ಮೇಲೆಯೇ ಬಂದು ಬೀಳುತ್ತವೆ. ಆದುದರಿಂದ ಮೊದಲು ಅರ್ಥವನ್ನು, ಅನಂತರ ಕ್ರಮವನ್ನು ತಿಳಿಯೋಣ.

1. ಕೀ ಬೇರೆ, ಲೈಸನ್ಸು ಬೇರೆ

ನಾವು ಬಾಡಿಗೆಗೆ ಹಿಡಿಯುವ ಖೋಲಿಯ ದೃಷ್ಟಾಂತವನ್ನೇ ತೆಗೆದುಕೊಳ್ಳಿ. ಖೋಲಿಯ ಬಾಗಿಲನ್ನು ತೆರೆಯುವುದು ಕೀಲಿಕೈ. ಆದರೆ ಅಲ್ಲಿ ವಾಸಿಸುವ ಹಕ್ಕನ್ನು ಕೊಡುವುದು ಕೀಲಿಕೈ ಅಲ್ಲ, ಮನೆಯ ಒಡೆಯನೊಡನೆ ಮಾಡಿಕೊಂಡ ಬಾಡಿಗೆಯ ಕರಾರು. ಕೀಲಿಕೈ ಕಳೆದರೂ ಕರಾರು ಇದ್ದವನು ಒಡೆಯನ ಬಳಿಗೆ ಹೋಗಿ ಕೇಳಬಲ್ಲನು. ಕರಾರು ಇಲ್ಲದೆ ಬರಿಯ ಕೀಲಿಕೈ ಹಿಡಿದವನನ್ನು ಯಾರಾದರೂ ಪ್ರಶ್ನಿಸಿದರೆ ಅವನಲ್ಲಿ ಉತ್ತರವಿರುವುದಿಲ್ಲ.

ಸಾಫ್ಟ್‌ವೇರಿನ ಸಂಗತಿಯೂ ಹೀಗೆಯೇ. ನಾವು ಸಾಫ್ಟ್‌ವೇರನ್ನು ಕೊಂಡೆವೆಂದು ಮಾತಿಗೆ ಹೇಳುತ್ತೇವೆ; ನಿಜವಾಗಿ ಕೊಳ್ಳುವುದು ಅದನ್ನು ಬಳಸುವ ಅನುಮತಿಯನ್ನು. ಆ ಅನುಮತಿಯೇ ಲೈಸನ್ಸು. ಎಷ್ಟು ಯಂತ್ರಗಳಲ್ಲಿ, ಎಷ್ಟು ಜನ, ಎಷ್ಟು ಕಾಲ ಬಳಸಬಹುದೆಂಬುದು ಅದರ ಕರಾರಿನಲ್ಲಿರುತ್ತದೆ. ಕೀ ಎಂಬುದು ಆ ಅನುಮತಿಯನ್ನು ಯಂತ್ರಕ್ಕೆ ತಿಳಿಸುವ ಗುರುತಿನ ಮಾತು ಮಾತ್ರ. ಕೀ ಒಪ್ಪಿಗೆಯಾಯಿತೆಂದ ಮಾತ್ರಕ್ಕೆ ಹಕ್ಕು ಇದೆಯೆಂದು ಅರ್ಥವಲ್ಲ. ಈ ಪಾಠದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಕೀ ತುಂಬುವ ಮೊದಲು ಹಕ್ಕಿನ ಕಾಗದವನ್ನು ಕೈಯಲ್ಲಿ ಹಿಡಿಯತಕ್ಕದ್ದು.

2. ಕೀಗಳಲ್ಲಿ ಬಗೆಗಳು

ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಕೀ ತುಂಬಿದರಷ್ಟೇ ಸಾಲದು, ಅದನ್ನು ಕಂಪನಿಯ ಸರ್ವರ್ ಒಪ್ಪಿ ಮುದ್ರೆ ಒತ್ತಬೇಕೆಂಬ ಪದ್ಧತಿ ಬಂದಿತು. ಇದಕ್ಕೆ ಆಕ್ಟಿವೇಶನ್ ಎನ್ನುತ್ತಾರೆ. ವಿಂಡೋಸಿನ ಕೀಗಳು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಓ.ಇ.ಎಂ. ಕೀ. ಹೊಸ ಕಂಪ್ಯೂಟರಿನೊಡನೆ ತಯಾರಕನೇ ಕೊಡುವ ಕೀ ಇದು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ದೊಡ್ಡ ತಯಾರಕರು ಈ ಕೀಯನ್ನು ಯಂತ್ರದ ಮದರ್‌ಬೋರ್ಡಿನೊಳಗೇ ಬರೆದಿಡುತ್ತಾರೆ. ವಿಂಡೋಸನ್ನು ಅದೇ ಆವೃತ್ತಿಯಲ್ಲಿ ಮತ್ತೆ ಹಾಕಿದರೆ ಕೀ ತಾನಾಗಿಯೇ ಓದಲ್ಪಡುತ್ತದೆ. ಆದರೆ ಈ ಲೈಸನ್ಸು ಆ ಯಂತ್ರದೊಡನೆ ಹುಟ್ಟಿ ಆ ಯಂತ್ರದೊಡನೆಯೇ ಮುಗಿಯುತ್ತದೆ. ಹಳೆಯ ಕಂಪ್ಯೂಟರ್ ಗುಜರಿಗೆ ಹೋದ ಮೇಲೆ ಅದರ ಕೀಯನ್ನು ಹೊಸದಕ್ಕೆ ಹಾಕಕೂಡದು.

ಎರಡನೆಯದು ರಿಟೇಲ್ ಕೀ, ಅಂದರೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡದ್ದು. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಸಾಗಿಸಲು ಇದರ ಕರಾರು ಅವಕಾಶ ಕೊಡುತ್ತದೆ. ಆದರೆ ಒಂದು ಕೀ ಒಂದು ಸಮಯದಲ್ಲಿ ಒಂದೇ ಯಂತ್ರದಲ್ಲಿರಬೇಕು.

ಮೂರನೆಯದು ಎಂ.ಎ.ಕೆ. ಕೀ. ಸಂಸ್ಥೆಗಳು ಸಗಟಾಗಿ ಪಡೆಯುವ ಕೀ ಇದು; ಒಂದೇ ಕೀಯಿಂದ ಗೊತ್ತುಪಡಿಸಿದಷ್ಟು ಸಲ ಆಕ್ಟಿವೇಶನ್ ಮಾಡಬಹುದು. ಪ್ರತಿಸಲವೂ ಲೆಕ್ಕದಿಂದ ಒಂದು ಕಡಿಮೆಯಾಗುತ್ತದೆ.

ನಾಲ್ಕನೆಯದು ಕೆ.ಎಂ.ಎಸ್. ಎಂಬ ವ್ಯವಸ್ಥೆ. ದೊಡ್ಡ ಸಂಸ್ಥೆಯೊಳಗೇ ಒಂದು ಸರ್ವರನ್ನು ಮುಕಾದಮನಂತೆ ನಿಲ್ಲಿಸಿ, ಉಳಿದ ಯಂತ್ರಗಳು ಅದರ ಮುಂದೆ ಹಾಜರಿ ಹಾಕುವಂತೆ ಮಾಡುವುದು. ಈ ಹಾಜರಿ 180 ದಿನಗಳವರೆಗೆ ನಡೆಯುತ್ತದೆ; ಯಂತ್ರವು 7 ದಿನಗಳಿಗೊಮ್ಮೆ ಅದನ್ನು ಹೊಸದು ಮಾಡಿಕೊಳ್ಳಲು ಯತ್ನಿಸುತ್ತದೆ. ಮತ್ತೊಂದು ನಿಯಮವುಂಟು: ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರುಗಳಾದರೆ ಕನಿಷ್ಠ 25, ಸರ್ವರುಗಳಾದರೆ ಕನಿಷ್ಠ 5 ಹಾಜರಾಗದೆ ಮುಕಾದಮನು ಯಾರ ಹಾಜರಿಯನ್ನೂ ಹಿಡಿಯುವುದಿಲ್ಲ. ಈ 25ರ ಸಂಖ್ಯೆಯನ್ನು ಮರೆಯಬೇಡಿ. ಮುಂದೆ ಇದರಿಂದ ನಮಗೆ ಪ್ರಯೋಜನವಿದೆ.

3. ಕೀಯನ್ನು ಓದುವ ಬಗೆ

ವಿಂಡೋಸಿನ ಕೀಯಲ್ಲಿ ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರಗಳು. ಸ್ಟಿಕರಿನ ಮೇಲೆ ಮಸುಕಾದ ಕೀಯನ್ನು ಓದುವಾಗ ಕಣ್ಣಿಗೆ ಮೋಸವಾಗುವುದು ಸಹಜ. ಆದರೆ ಇಂಗ್ಲಿಷಿನ ಎಲ್ಲ ಅಕ್ಷರಗಳೂ ಎಲ್ಲ ಅಂಕೆಗಳೂ ಇದರಲ್ಲಿ ಬರುವುದಿಲ್ಲ. ಎ, ಇ, ಐ, ಓ, ಯು ಎಂಬ ಐದು ಸ್ವರಗಳು ಬರುವುದಿಲ್ಲ. ಎಲ್, ಎಸ್, ಝಡ್ ಬರುವುದಿಲ್ಲ. ಅಂಕೆಗಳಲ್ಲಿ 0, 1, 5 ಬರುವುದಿಲ್ಲ. ಎನ್ ಎಂಬ ಅಕ್ಷರವು ವಿಂಡೋಸ್ 8 ಮತ್ತು ಅದರ ಮುಂದಿನ ಕೀಗಳಲ್ಲಿ ಮಾತ್ರ ಕಾಣುತ್ತದೆ.

ಇದರಿಂದ ದೊರೆಯುವ ಅನುಕೂಲವನ್ನು ನೋಡಿ. ನಿಮಗೆ ಸೊನ್ನೆಯಂತೆಯೋ ಓ ಅಕ್ಷರದಂತೆಯೋ ಕಂಡದ್ದು ನಿಜಕ್ಕೂ ಕ್ಯೂ ಅಥವಾ ಡಿ ಇರಬೇಕು. ಝಡ್‌ನಂತೆ ಕಂಡದ್ದು 2 ಇರಬೇಕು. ಎಸ್ ಅಥವಾ 5ರಂತೆ ಕಂಡದ್ದು 8 ಇರಬಹುದು. ಆದರೆ ಬಿ ಮತ್ತು 8, ಜಿ ಮತ್ತು 6, ವಿ ಮತ್ತು ವೈ ಇವೆಲ್ಲ ಕೀಯಲ್ಲಿ ಬರುವಂಥವೇ. ಅಲ್ಲಿ ಭೂತಗನ್ನಡಿ ಹಿಡಿದಾದರೂ ಸರಿಯೇ, ನಿಶ್ಚಯ ಮಾಡಿಕೊಳ್ಳಬೇಕು. ಒಬ್ಬರು ಗಟ್ಟಿಯಾಗಿ ಓದುವುದು, ಮತ್ತೊಬ್ಬರು ಒತ್ತುವುದು, ಒತ್ತಿದವರು ತಿರುಗಿ ಓದಿ ಹೇಳುವುದು: ಈ ಹಳೆಯ ತಾಳೆ ನೋಡುವ ಪದ್ಧತಿಗಿಂತ ಒಳ್ಳೆಯದು ಬೇರೆಯಿಲ್ಲ.

4. ಉಪಕರಣ ಮತ್ತು ಅದರ ಆಜ್ಞೆಗಳು

ಕೀ ತುಂಬಲು ವಿಂಡೋಸಿನಲ್ಲಿಯೇ ಒಂದು ಉಪಕರಣವುಂಟು. ವಿಸ್ಟಾದ ಕಾಲದಿಂದ ಅದು ವಿಂಡೋಸಿನೊಡನೆ ಬರುತ್ತಿದೆ, ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಅದರ ಹೆಸರು ಐದು ಇಂಗ್ಲಿಷ್ ಅಕ್ಷರಗಳದು: ಎಸ್, ಎಲ್, ಎಂ, ಜಿ, ಆರ್. ಸಾಫ್ಟ್‌ವೇರ್ ಲೈಸನ್ಸಿಂಗ್ ಮ್ಯಾನೇಜರ್ ಎಂಬ ಮಾತಿನ ಸಂಕ್ಷೇಪ. ಬಾಯಲ್ಲಿ ‘ಎಸ್‌ಎಲ್ ಮ್ಯಾನೇಜರ್’ ಎನ್ನುವವರೂ ಉಂಟು.

ಇದನ್ನು ಬಳಸಲು ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆಯಬೇಕು. ಸುಮ್ಮನೆ ತೆರೆದರೆ ಸಾಲದು. ಅದರ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂಬುದನ್ನು ಆರಿಸಿ ತೆರೆಯಬೇಕು. ಅಧಿಕಾರವಿಲ್ಲದೆ ತೆರೆದರೆ ಕೀ ತುಂಬುವ ಆಜ್ಞೆ ನಡೆಯುವುದಿಲ್ಲ.

ಉಪಕರಣದ ಹೆಸರನ್ನು ಒತ್ತಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಮೂರಕ್ಷರದ ಆಜ್ಞೆಯನ್ನು ಒತ್ತುವುದು ಕ್ರಮ. ಎಂಟರ್ ಒತ್ತಿದ ಮೇಲೆ ಉತ್ತರವು ಸ್ವಲ್ಪ ತಡೆದು ಒಂದು ಚಿಕ್ಕ ಕಿಟಕಿಯಲ್ಲಿ ಬರುತ್ತದೆ. ತಡವಾಯಿತೆಂದು ಮತ್ತೆ ಮತ್ತೆ ಒತ್ತಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ.

ಮೊದಲ ಹೆಜ್ಜೆ, ಇದ್ದ ಸ್ಥಿತಿಯನ್ನು ನೋಡುವುದು. ಡಿ-ಎಲ್-ವಿ ಎಂಬ ಆಜ್ಞೆಯು ಯಂತ್ರದಲ್ಲಿ ವಿಂಡೋಸಿನ ಯಾವ ಆವೃತ್ತಿ ಇದೆ, ಕೀ ಯಾವ ಬಗೆಯದು, ಕೀಯ ಕೊನೆಯ ಐದು ಅಕ್ಷರಗಳು ಯಾವುವು, ಲೈಸನ್ಸಿನ ಸ್ಥಿತಿ ಏನು ಎಂಬುದನ್ನೆಲ್ಲ ತಿಳಿಸುತ್ತದೆ. ಏನನ್ನೂ ಬದಲಿಸುವುದಿಲ್ಲ; ಆದುದರಿಂದ ಅಭ್ಯಾಸಕ್ಕೆ ಇದು ನಿರಪಾಯ. ಬಂದ ಉತ್ತರವನ್ನು ವಹಿಯಲ್ಲಿ ಬರೆದುಕೊಳ್ಳಿ.

ಎರಡನೆಯ ಹೆಜ್ಜೆ, ಕೀ ತುಂಬುವುದು. ಐ-ಪಿ-ಕೆ ಎಂಬ ಆಜ್ಞೆ, ಅದರ ಮುಂದೆ ಒಂದು ಜಾಗ ಬಿಟ್ಟು ಕೀಯ 25 ಅಕ್ಷರಗಳು, ಗುಂಪುಗಳ ನಡುವಿನ ಅಡ್ಡಗೆರೆಗಳ ಸಹಿತ. ಇದರಿಂದ ಹಳೆಯ ಕೀಯ ಸ್ಥಾನದಲ್ಲಿ ಹೊಸದು ಬರುತ್ತದೆ. ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕರು ಎದ್ದುಬಿಡುತ್ತಾರೆ, ಮುಗಿದಿಲ್ಲ.

ಮೂರನೆಯ ಹೆಜ್ಜೆ, ಆಕ್ಟಿವೇಶನ್. ಎ-ಟಿ-ಓ ಎಂಬ ಆಜ್ಞೆ ಒತ್ತಿದರೆ ಯಂತ್ರವು ಇಂಟರ್ನೆಟ್ಟಿನ ಮೂಲಕ ಕಂಪನಿಯ ಸರ್ವರನ್ನು ಕೇಳಿ ಒಪ್ಪಿಗೆ ತರುತ್ತದೆ.

ನಾಲ್ಕನೆಯ ಹೆಜ್ಜೆ, ತಾಳೆ ನೋಡುವುದು. ಎಕ್ಸ್-ಪಿ-ಆರ್ ಎಂಬ ಆಜ್ಞೆಯು ಈ ಆಕ್ಟಿವೇಶನ್ ಶಾಶ್ವತವೋ, ಅವಧಿಯುಳ್ಳದ್ದೋ ಎಂಬುದನ್ನು ಹೇಳುತ್ತದೆ. ಅವಧಿಯುಳ್ಳದ್ದಾದರೆ ಮುಗಿಯುವ ತಾರೀಖನ್ನೂ ತಿಳಿಸುತ್ತದೆ.

ರಿಟೇಲ್ ಕೀಯನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗ, ಹಳೆಯದರಲ್ಲಿ ಯು-ಪಿ-ಕೆ ಎಂಬ ಆಜ್ಞೆಯಿಂದ ಕೀಯನ್ನು ಮೊದಲು ತೆಗೆಯಬೇಕು. ಸಿ-ಪಿ-ಕೆ-ವೈ ಎಂಬ ನಾಲ್ಕಕ್ಷರದ ಆಜ್ಞೆಯೂ ಉಂಟು. ಅದು ಯಂತ್ರದ ರಿಜಿಸ್ಟ್ರಿಯಲ್ಲಿ ಉಳಿದ ಕೀಯ ಅಕ್ಷರಗಳನ್ನು ಒರೆಸಿ, ಬೇರೆಯವರು ಅಲ್ಲಿಂದ ಓದದಂತೆ ಮಾಡುತ್ತದೆ.

ಒಂದು ಮಾತು ಎಚ್ಚರಿಕೆಗಾಗಿ. ಈ ಉಪಕರಣವು ವಿಬಿ-ಸ್ಕ್ರಿಪ್ಟ್ ಎಂಬ ಹಳೆಯ ಭಾಷೆಯಲ್ಲಿ ಬರೆದದ್ದು. ಆ ಭಾಷೆಯನ್ನು ಕ್ರಮೇಣ ಕೈಬಿಡುವುದಾಗಿ ಕಂಪನಿಯು 2023ರಲ್ಲಿ ಸಾರಿದೆ. ಮುಂದೆ ಉಪಕರಣದ ರೂಪ ಬದಲಾದರೂ ನೋಡು, ತುಂಬು, ಒಪ್ಪಿಗೆ ತರು, ತಾಳೆ ನೋಡು ಎಂಬ ನಾಲ್ಕು ಹೆಜ್ಜೆಗಳು ಬದಲಾಗುವ ಕಾರಣವಿಲ್ಲ.

5. ಹಲವು ಯಂತ್ರಗಳು, ಇಂಟರ್ನೆಟ್ ಇಲ್ಲದ ಯಂತ್ರಗಳು

ಹತ್ತಾರು ಕಂಪ್ಯೂಟರುಗಳಿರುವ ಕಚೇರಿಯಲ್ಲಿ ಒಂದೊಂದರ ಮುಂದೆಯೂ ಕುಳಿತು ಒತ್ತುವುದು ಶ್ರಮ. ಅಂಥಲ್ಲಿ ವ್ಯಾಮ್ಟ್ ಎಂದು ಕರೆಯುವ, ವಾಲ್ಯೂಮ್ ಆಕ್ಟಿವೇಶನ್ ಮ್ಯಾನೇಜ್‌ಮೆಂಟ್ ಟೂಲ್ ಎಂಬ ಉಪಕರಣ ಅನುಕೂಲ. ಮೈಕ್ರೋಸಾಫ್ಟ್ ಇದನ್ನು ವಿಂಡೋಸಿನ ಎ.ಡಿ.ಕೆ. ಎಂಬ ಸಾಧನಗಳ ಗಂಟಿನಲ್ಲಿ ಉಚಿತವಾಗಿ ಕೊಡುತ್ತದೆ. ಮಾಹಿತಿ ಇಡಲು ಒಂದು ಎಸ್‌ಕ್ಯೂಎಲ್ ಸರ್ವರ್ ಬೇಕು. ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಸಾಕು. ಒಂದೆಡೆ ಕುಳಿತು ಜಾಲದಲ್ಲಿರುವ ಯಂತ್ರಗಳನ್ನು ಹುಡುಕುವುದು, ಪ್ರತಿಯೊಂದರ ಲೈಸನ್ಸಿನ ಸ್ಥಿತಿಯನ್ನು ಪಟ್ಟಿಮಾಡುವುದು, ಆರಿಸಿದ ಯಂತ್ರಗಳಿಗೆ ಕೀ ತುಂಬುವುದು, ಎಂ.ಎ.ಕೆ. ಕೀಯಲ್ಲಿ ಇನ್ನೆಷ್ಟು ಆಕ್ಟಿವೇಶನ್ ಉಳಿದಿವೆಯೆಂದು ತಿಳಿಯುವುದು, ಇವೆಲ್ಲ ಇದರಿಂದ ಸಾಧ್ಯ. ಯಂತ್ರಗಳು ಪಟ್ಟಿಯಲ್ಲಿ ಕಾಣದಿದ್ದರೆ ಅವುಗಳ ಫೈರ್‌ವಾಲ್ ದಾರಿ ಬಿಟ್ಟಿದೆಯೇ ಎಂದು ಮೊದಲು ನೋಡಿ.

ನಮ್ಮ ಭೋಸರಿಯ ಕಾರಖಾನೆಗಳಿಗೆ ಇದರ ಮತ್ತೊಂದು ಗುಣ ಬಹಳ ಉಪಯುಕ್ತ. ಸಿ.ಎನ್.ಸಿ. ಯಂತ್ರದ ಪಕ್ಕದಲ್ಲಿರುವ ಕಂಪ್ಯೂಟರಿಗೆ ಇಂಟರ್ನೆಟ್ ಕೊಡದಿರುವುದು ಒಳ್ಳೆಯ ಪದ್ಧತಿ. ಹಾಗಾದರೆ ಅದಕ್ಕೆ ಒಪ್ಪಿಗೆ ತರುವುದು ಹೇಗೆ? ಇಲ್ಲಿ ವ್ಯಾಮ್ಟ್ ಪ್ರತಿನಿಧಿಯಂತೆ ಕೆಲಸ ಮಾಡುತ್ತದೆ. ಆ ಯಂತ್ರದ ಗುರುತಿನ ಸಂಖ್ಯೆಯನ್ನು ತಾನು ಪಡೆದು, ಇಂಟರ್ನೆಟ್ ಇರುವ ಕಡೆಯಿಂದ ಕಂಪನಿಗೆ ಒಪ್ಪಿಸಿ, ಅಲ್ಲಿಂದ ಬಂದ ದೃಢೀಕರಣ ಸಂಖ್ಯೆಯನ್ನು ಯಂತ್ರಕ್ಕೆ ಮುಟ್ಟಿಸುತ್ತದೆ. ಜಾಲವೇ ಪೂರ್ತಿ ಪ್ರತ್ಯೇಕವಾಗಿದ್ದರೆ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಹೊರತಂದು, ಒಪ್ಪಿಗೆ ಪಡೆದು, ಮರಳಿ ಒಯ್ಯಬಹುದು. ಆ ದೃಢೀಕರಣ ಸಂಖ್ಯೆಯನ್ನು ಉಳಿಸಿಟ್ಟರೆ, ಅದೇ ಯಂತ್ರಕ್ಕೆ ವಿಂಡೋಸನ್ನು ಮತ್ತೆ ಹಾಕಿದಾಗ, ಯಂತ್ರದ ಭಾಗಗಳು ಬದಲಾಗದಿದ್ದಲ್ಲಿ, ಲೆಕ್ಕದಿಂದ ಹೊಸದೊಂದು ಕಡಿಮೆಯಾಗದೆ ಕೆಲಸವಾಗುತ್ತದೆ.

ಒಂದೇ ಯಂತ್ರವಿದ್ದರೆ ಐದಕ್ಷರದ ಉಪಕರಣವೇ ಸಾಕು. ಡಿ-ಟಿ-ಐ ಎಂಬ ಆಜ್ಞೆ ಗುರುತಿನ ಸಂಖ್ಯೆಯನ್ನು ತೋರಿಸುತ್ತದೆ. ಕಂಪನಿಯಿಂದ ಬಂದ ದೃಢೀಕರಣ ಸಂಖ್ಯೆಯನ್ನು ಎ-ಟಿ-ಪಿ ಎಂಬ ಆಜ್ಞೆಯ ಮುಂದೆ ತುಂಬಬೇಕು.

6. ತಪ್ಪಿನ ಸಂಕೇತಗಳು

ಕೆಲಸ ಕೆಟ್ಟಾಗ ಯಂತ್ರವು ಒಂದು ಉದ್ದ ಸಂಕೇತವನ್ನು ತೋರಿಸುತ್ತದೆ. ಗಾಬರಿಯಾಗದೆ ಅದರ ಕೊನೆಯ ನಾಲ್ಕು ಅಕ್ಷರಗಳನ್ನು ನೋಡಿ. ಹೆಚ್ಚಾಗಿ ಬರುವಂಥವು ಇವು.

ಎಫ್050: ಕೀ ಸರಿಯಲ್ಲ. ಬಹುತೇಕ ಒತ್ತುವಾಗ ಆದ ತಪ್ಪು. ಮೂರನೆಯ ಭಾಗವನ್ನು ಮತ್ತೆ ಓದಿ.

ಎಫ್069: ಕೀಗೂ ಯಂತ್ರದಲ್ಲಿರುವ ಆವೃತ್ತಿಗೂ ಹೊಂದಿಕೆಯಿಲ್ಲ. ವಿಂಡೋಸ್ ಹೋಮ್ ಇರುವಲ್ಲಿ ಬೇರೆ ಆವೃತ್ತಿಯ ಕೀ ಹಾಕಿದಂಥ ಪ್ರಸಂಗ.

ಎಫ್074: ಕೆ.ಎಂ.ಎಸ್. ಸರ್ವರ್ ಸಿಕ್ಕಲಿಲ್ಲ. ತಂತಿ, ಜಾಲ, ಫೈರ್‌ವಾಲ್ ನೋಡಿ. ಅದು ಬಳಸುವ ದ್ವಾರದ ಸಂಖ್ಯೆ 1688.

ಎಫ್038: ಕೆ.ಎಂ.ಎಸ್. ಸರ್ವರಿನ ಮುಂದೆ ಹಾಜರಾದ ಯಂತ್ರಗಳ ಸಂಖ್ಯೆ ಸಾಲದು.

ಎಫ್06ಸಿ: ಗಡಿಯಾರ ತಪ್ಪಿದೆ. ಯಂತ್ರದ ಸಮಯಕ್ಕೂ ಸರ್ವರಿನ ಸಮಯಕ್ಕೂ 4 ಗಂಟೆಗಿಂತ ಹೆಚ್ಚು ಅಂತರವಿದ್ದರೆ ಹೀಗಾಗುತ್ತದೆ. ಹಳೆಯ ಮದರ್‌ಬೋರ್ಡಿನ ಗುಂಡಿಬ್ಯಾಟರಿ ತೀರಿದಾಗ ಇದು ಬರುವುದುಂಟು.

ಸಿ008: ಕೀಯನ್ನು ಕರಾರು ಒಪ್ಪಿದ್ದಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಬಳಸಲಾಗಿದೆ. ಎಂ.ಎ.ಕೆ. ಕೀಯ ಲೆಕ್ಕ ತೀರಿದಾಗ ಬರುವುದು ಸಿ020.

ಸಿ003: ಈ ಕೀಯನ್ನು ಕಂಪನಿಯು ತಡೆಹಿಡಿದಿದೆ. ಇದು ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಆ ಕೀ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಬೇಕು.

7. ಅಗ್ಗದ ಕೀಯ ಆಸೆ

ಈಗ ನಮ್ಮ ಪಾಠದ ಮರ್ಮಕ್ಕೆ ಬಂದೆವು. “ಮುನ್ನೂರು ರೂಪಾಯಿಗೆ ಕೀ ಸಿಗುತ್ತದೆ, ಹಾಕಿಬಿಡಿ” ಎಂದು ಹೇಳುವವರು ಬಹಳ. ಸಂಸ್ಥೆಗಳು ತಮ್ಮ ಉಪಯೋಗಕ್ಕೆ ಪಡೆದ ಸಗಟು ಕೀಗಳು ಸೋರಿ ಹೊರಬಂದು ಹೀಗೆ ಬಿಡಿಯಾಗಿ ಮಾರಾಟವಾಗುವುದುಂಟು. ಅಂಥ ಕೀ ಇಂದು ಒಪ್ಪಿಗೆಯಾಗಬಹುದು. ಆದರೆ ನಿಮ್ಮ ಕಾರಖಾನೆಯ ಹೆಸರಿನ ಕರಾರು ಎಲ್ಲಿದೆ? ಬೇರೊಬ್ಬರ ಖೋಲಿಯ ಕೀಲಿಕೈಯನ್ನು ಸಂತೆಯಲ್ಲಿ ಕೊಂಡಂತಾಯಿತು.

ಇದಕ್ಕಿಂತ ಕೆಟ್ಟದ್ದು ಬಿಟ್ಟಿಯಾಗಿ ಆಕ್ಟಿವೇಶನ್ ಮಾಡುತ್ತೇವೆಂಬ ಕಳ್ಳ ಪ್ರೋಗ್ರಾಮುಗಳು. ಇವುಗಳಲ್ಲಿ ಹಲವು ಸುಳ್ಳು ಕೆ.ಎಂ.ಎಸ್. ಮುಕಾದಮನನ್ನು ಯಂತ್ರದೊಳಗೇ ನಿಲ್ಲಿಸುತ್ತವೆ, ಇಲ್ಲವೆ ಎಲ್ಲಿಯೋ ಇರುವ ಅಪರಿಚಿತ ಸರ್ವರಿನ ಕಡೆಗೆ ಯಂತ್ರವನ್ನು ತಿರುಗಿಸುತ್ತವೆ. ಇವನ್ನು ಹಾಕುವಾಗ ವೈರಸ್ ತಡೆಯುವ ಕಾವಲನ್ನು ಆರಿಸಿ ಎಂದು ಅವೇ ಹೇಳುತ್ತವೆ. ಕಾವಲುಗಾರನನ್ನು ಮನೆಗೆ ಕಳಿಸಿ ಅಪರಿಚಿತನನ್ನು ಒಳಗೆ ಬಿಟ್ಟ ಮೇಲೆ, ಗ್ರಾಹಕರ ಬಿಲ್ಲು, ಕಾರ್ಮಿಕರ ಪಗಾರ, ಬ್ಯಾಂಕಿನ ಪಾಸ್‌ವರ್ಡು ಇವುಗಳ ಗತಿಯೇನು?

ನಿಮ್ಮ ಕಚೇರಿಯಲ್ಲಿ ಈ ಕೆಲಸ ಹಿಂದೆ ಯಾರಾದರೂ ಮಾಡಿಟ್ಟಿದ್ದಾರೆಯೇ ಎಂದು ಕಂಡುಹಿಡಿಯುವ ಉಪಾಯ ಹೇಳುತ್ತೇವೆ. ಡಿ-ಎಲ್-ವಿ ಆಜ್ಞೆಯ ಉತ್ತರದಲ್ಲಿ ಕೀಯ ಬಗೆ ನೋಡಿ. ಅಲ್ಲಿ ‘ಕೆಎಂಎಸ್ ಕ್ಲೈಂಟ್’ ಎಂದಿದ್ದು, ನಿಮ್ಮ ಕಾರಖಾನೆಯಲ್ಲಿ ಒಟ್ಟು ಇರುವುದೇ ಎಂಟು ಕಂಪ್ಯೂಟರುಗಳಾದರೆ, ಕೇಳಿಕೊಳ್ಳಿ: 25 ಯಂತ್ರಗಳಿಲ್ಲದೆ ನಿಜವಾದ ಮುಕಾದಮನು ಹಾಜರಿ ಹಿಡಿಯುವುದಿಲ್ಲವಲ್ಲ, ಈ ಎಂಟಕ್ಕೆ ಹಾಜರಿ ಹಿಡಿದವನು ಯಾರು? ನಿಮ್ಮದು ಯಾವುದಾದರೂ ದೊಡ್ಡ ಸಂಸ್ಥೆಯ ಶಾಖೆಯಾಗಿದ್ದು, ಮುಖ್ಯ ಕಚೇರಿಯ ಸರ್ವರಿಗೆ ಜೋಡಣೆಯಿದ್ದರೆ ಸಂಶಯ ಪಡಬೇಕಾಗಿಲ್ಲ. ಅದೇ ಉತ್ತರದಲ್ಲಿ ಸರ್ವರಿನ ಹೆಸರೂ ಇರುತ್ತದೆ. ಆ ಹೆಸರು ನಿಮ್ಮ ಸಂಸ್ಥೆಯದಲ್ಲವಾದರೆ ಮಾಲಕರಿಗೆ ತಿಳಿಸಲೇಬೇಕು.

ಕಾಯಿದೆಯ ಮಾತನ್ನೂ ತಿಳಿದಿರಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸಿದವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಮತ್ತು 50,000 ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷದವರೆಗಿನ ದಂಡ ಉಂಟು. ಲಾಭಕ್ಕಾಗಿಯಾಗಲಿ ವ್ಯಾಪಾರಕ್ಕಾಗಿಯಾಗಲಿ ಬಳಸದಿದ್ದಲ್ಲಿ ನ್ಯಾಯಾಲಯವು ಸೆರೆವಾಸವನ್ನು ಬಿಡಬಹುದೆಂದಿದೆ. ಆದರೆ ಕಾರಖಾನೆಯ ಕಚೇರಿ ವ್ಯಾಪಾರದ ಸ್ಥಳವೇ ಅಲ್ಲವೇ? ‘ತಿಳಿದೂ’ ಎಂಬ ಮಾತನ್ನು ಗಮನಿಸಿ. ಕೀ ಒತ್ತಿದ ಕೈ ನಿಮ್ಮದಾದರೆ, ತಿಳಿದಿತ್ತೇ ಎಂಬ ಪ್ರಶ್ನೆ ಮೊದಲು ಬರುವುದು ನಿಮ್ಮ ಕಡೆಗೆ. ಮಾಲಕರು ಬಾಯಿಮಾತಿನಲ್ಲಿ ಹೇಳಿದ್ದು ಆಗ ಸಾಕ್ಷಿಗೆ ಬರುವುದು ಕಷ್ಟ. ಅದೇ ಕಾಯಿದೆಯ 52ನೆಯ ಕಲಮು, ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ಕಾಪು ಪ್ರತಿಯನ್ನು ನಷ್ಟದಿಂದ ರಕ್ಷಣೆಗಾಗಿ ಮಾಡಿಟ್ಟುಕೊಳ್ಳಲು ಅನುಮತಿ ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು.

ಹಾಗಾದರೆ ಹಣವಿಲ್ಲದ ಕಾರಖಾನೆ ಏನು ಮಾಡಬೇಕು? ಕದಿಯದೆ ಉಳಿತಾಯ ಮಾಡುವ ದಾರಿಗಳುಂಟು. ಪತ್ರ ಬರೆಯಲು, ಲೆಕ್ಕದ ಕೋಷ್ಟಕ ಮಾಡಲು ಲಿಬ್ರೆ-ಆಫೀಸ್ ಎಂಬ ಮುಕ್ತ ಸಾಫ್ಟ್‌ವೇರಿದೆ. ಅದಕ್ಕೆ ಕೀಯೂ ಬೇಡ, ಹಣವೂ ಬೇಡ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದರ ಮುಖಪುಟಗಳು ದೊರೆಯುತ್ತವೆ. ಕೆಲವು ಮೇಜುಗಳಿಗೆ ಅದನ್ನು ಹಾಕಿ, ಅವಶ್ಯವಿದ್ದಲ್ಲಿ ಮಾತ್ರ ಲೈಸನ್ಸು ಕೊಳ್ಳಿರೆಂದು ಮಾಲಕರಿಗೆ ಲೆಕ್ಕ ಬರೆದು ತೋರಿಸಿ. ಬೇಡವೆನ್ನುವ ಕಾರಕೂನನಿಗಿಂತ, ಬೇರೆ ದಾರಿ ತೋರಿಸುವ ಕಾರಕೂನನ ಮಾತಿಗೆ ಬೆಲೆ ಹೆಚ್ಚು.

8. ಟ್ಯಾಲಿಯ ಲೈಸನ್ಸು

ನಮ್ಮಲ್ಲಿ ಲೆಕ್ಕ ಬರೆಯುವವರ ನಿತ್ಯದ ಸಂಗಾತಿ ಟ್ಯಾಲಿ. 1986ರಲ್ಲಿ ಆರಂಭವಾದ ಈ ಕಂಪನಿಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. 2020ರಲ್ಲಿ ಟ್ಯಾಲಿ ಪ್ರೈಮ್ ಬಂದಿತು. ಇದರ ಸಿಲ್ವರ್ ಲೈಸನ್ಸು ಒಬ್ಬರಿಗೆ. ಗೋಲ್ಡ್ ಲೈಸನ್ಸು ಒಂದೇ ಜಾಲದಲ್ಲಿರುವ ಹಲವರಿಗೆ.

ಟ್ಯಾಲಿಯ ಪದ್ಧತಿ ವಿಂಡೋಸಿನಂತಲ್ಲ. ಇಲ್ಲಿ ಸೀರಿಯಲ್ ನಂಬರು, ಆಕ್ಟಿವೇಶನ್ ಕೀ ಇವೆರಡರ ಜೊತೆಗೆ ಆಡಳಿತಗಾರರ ಇ-ಮೇಲ್ ವಿಳಾಸವನ್ನೂ ತುಂಬಬೇಕು. ಬಿಡುಗಡೆಯ ಕೀ ಆ ವಿಳಾಸಕ್ಕೇ ಬರುತ್ತದೆ. ಆದುದರಿಂದ ಆ ವಿಳಾಸ ಕಾರಖಾನೆಯದಾಗಿರಬೇಕೇ ಹೊರತು ಕಾರಕೂನನ ಸ್ವಂತದ್ದಾಗಲಿ, ರಿಪೇರಿಗೆ ಬರುವ ಹುಡುಗನದ್ದಾಗಲಿ ಆಗಿರಕೂಡದು. ಆ ಮನುಷ್ಯ ಕೆಲಸ ಬಿಟ್ಟು ಹೋದ ದಿನ ಲೈಸನ್ಸಿನ ಹಗ್ಗವೂ ಅವನ ಕೈಯಲ್ಲಿ ಹೋಗುತ್ತದೆ. ಮತ್ತೊಂದು: ಯಂತ್ರವನ್ನು ಫಾರ್ಮ್ಯಾಟ್ ಮಾಡುವ ಮೊದಲು, ಇಲ್ಲವೆ ಬದಲಾಯಿಸುವ ಮೊದಲು, ಟ್ಯಾಲಿಯೊಳಗೇ ಇರುವ ‘ಸರೆಂಡರ್’ ಎಂಬ ಕ್ರಮದಿಂದ ಲೈಸನ್ಸನ್ನು ಒಪ್ಪಿಸಿಬಿಡಬೇಕು. ಅನಂತರ ಹೊಸ ಯಂತ್ರದಲ್ಲಿ ಮತ್ತೆ ಪಡೆಯಬಹುದು. ಫಾರ್ಮ್ಯಾಟ್ ಆದ ಮೇಲೆ ಇದನ್ನು ನೆನೆಯುವುದು, ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

9. ಲೈಸನ್ಸಿನ ವಹಿ

ಇದುವರೆಗೆ ಹೇಳಿದ್ದಕ್ಕೆಲ್ಲ ಆಧಾರ ಒಂದು ಇನ್ನೂರು ಪುಟದ ಗಟ್ಟಿರಟ್ಟಿನ ವಹಿ. ಅದರಲ್ಲಿ ಯಂತ್ರಕ್ಕೊಂದು ಪುಟ ಬಿಡಿ. ಯಂತ್ರದ ಸಂಖ್ಯೆ ಮತ್ತು ಇರುವ ಸ್ಥಳ, ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಕೀಯ ಬಗೆ, ಕೀಯ ಕೊನೆಯ ಐದು ಅಕ್ಷರ, ಬಿಲ್ಲಿನ ಸಂಖ್ಯೆ, ತಾರೀಖು, ಮಾರಿದ ಅಂಗಡಿ, ಕೀ ತುಂಬಿದ ದಿನ, ತುಂಬಿದವರ ಮತ್ತು ತುಂಬಲು ಹೇಳಿದವರ ಸಹಿ. ಕೊನೆಯ ಮನೆ ಅತಿ ಮುಖ್ಯ. ಹೇಳಿದವರ ಸಹಿ ಇರುವಲ್ಲಿ ಜವಾಬುದಾರಿ ಸರಿಯಾದ ಹೆಗಲ ಮೇಲೆ ನಿಲ್ಲುತ್ತದೆ. ಸಹಿ ಹಾಕಲು ಯಾರಾದರೂ ಹಿಂಜರಿದರೆ, ಆ ಹಿಂಜರಿಕೆಯಿಂದಲೇ ನಿಮಗೆ ತಿಳಿಯಬೇಕಾದದ್ದು ತಿಳಿಯುತ್ತದೆ.

ಪೂರ್ತಿ ಕೀಯನ್ನು ಈ ವಹಿಯಲ್ಲಿ ಬರೆಯಬೇಡಿ. ಕಂಪ್ಯೂಟರಿನ ಪರದೆಗೆ ಚೀಟಿ ಅಂಟಿಸಬೇಡಿ. ಮೊಬೈಲಿನ ಗುಂಪುಗಳಲ್ಲಿ ಕಳಿಸಬೇಡಿ. ಬಿಲ್ಲು, ಕರಾರು, ಕೀ ಇರುವ ಕಾಗದಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಮಾಲಕರ ಕಪಾಟಿನಲ್ಲಿಡಿಸಿ. ಉಪಕರಣವು ಕೊನೆಯ ಐದು ಅಕ್ಷರ ತೋರಿಸುವುದರಿಂದ ವಹಿಯೊಡನೆ ತಾಳೆ ನೋಡಲು ಅಷ್ಟೇ ಸಾಕು.

ವರ್ಷಕ್ಕೊಮ್ಮೆ, ಉಗ್ರಾಣದ ಸಾಮಾನು ಎಣಿಸುವ ವೇಳೆಗೆ, ಎಲ್ಲ ಯಂತ್ರಗಳಲ್ಲಿಯೂ ಡಿ-ಎಲ್-ವಿ ಆಜ್ಞೆ ಒತ್ತಿ ವಹಿಯೊಡನೆ ಹೋಲಿಸಿ. ಹಳೆಯ ವಿಂಡೋಸಿನ ಯಂತ್ರಗಳನ್ನೂ ಆಗಲೇ ಗುರುತಿಸಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲೈಸನ್ಸು ಸರಿಯಿದ್ದರೂ ಅಂಥ ಯಂತ್ರವನ್ನು ಇಂಟರ್ನೆಟ್ಟಿನಲ್ಲಿ ಬಳಸುವುದು ಕ್ಷೇಮವಲ್ಲ.

ಈ ವಹಿಯನ್ನು ಇಡಲು ಯಾರ ಅಪ್ಪಣೆಯೂ ಬೇಕಿಲ್ಲ, ನೂರು ರೂಪಾಯಿಯೂ ಬೇಕಾಗಲಿಕ್ಕಿಲ್ಲ. ಕೆಲಸ ಬದಲಾಯಿಸಿ ಬೇರೆ ಕಡೆ ಹೋಗುವಾಗ ಮಾಲಕರ ಕೈಗೆ ಈ ವಹಿಯನ್ನು ಕೊಟ್ಟು, ತಲುಪಿತೆಂದು ಬರೆಸಿಕೊಂಡು ಹೊರಟರೆ ಹಿಂದಿನಿಂದ ಯಾರೂ ಬೆರಳು ತೋರಿಸುವಂತಿಲ್ಲ. ಹೊಸ ಜಾಗದಲ್ಲಿ “ನಿನಗೇನು ಬರುತ್ತದೆ?” ಎಂದು ಕೇಳಿದಾಗ, ಎಂಟು ಯಂತ್ರಗಳ ಲೈಸನ್ಸನ್ನು ಕಾಗದಪತ್ರ ಸಹಿತ ನೋಡಿಕೊಂಡಿದ್ದೇನೆಂದು ಹೇಳುವ ಧೈರ್ಯವೂ ಬರುತ್ತದೆ.

ಅಭ್ಯಾಸದ ಪ್ರಶ್ನೆಗಳು

1) ಗುಜರಿಗೆ ಹೋದ ಓ.ಇ.ಎಂ. ಯಂತ್ರದ ಕೀಯನ್ನು ಹೊಸ ಯಂತ್ರಕ್ಕೆ ಹಾಕಬಹುದೇ? ಏಕೆ?

2) ಮಸುಕಾದ ಕೀಯಲ್ಲಿ ಸೊನ್ನೆಯಂತೆ ಕಂಡ ಅಕ್ಷರ ಯಾವುದಿರಬಹುದು?

3) ಐ-ಪಿ-ಕೆ ಆಜ್ಞೆಯ ಅನಂತರ ಇನ್ನೆರಡು ಹೆಜ್ಜೆಗಳು ಯಾವುವು?

4) ಆರು ಕಂಪ್ಯೂಟರುಗಳ ಸ್ವತಂತ್ರ ಕಚೇರಿಯೊಂದರಲ್ಲಿ ಕೀಯ ಬಗೆ ‘ಕೆಎಂಎಸ್ ಕ್ಲೈಂಟ್’ ಎಂದು ಕಂಡರೆ ಏನನ್ನು ಸಂಶಯಿಸಬೇಕು? ಯಾರಿಗೆ ತಿಳಿಸಬೇಕು?

5) ನಿಮ್ಮ ಕಚೇರಿಯ ಒಂದು ಯಂತ್ರದ ಪುಟವನ್ನು ಮೇಲೆ ಹೇಳಿದ ಕ್ರಮದಲ್ಲಿ ಬರೆದು ನೋಡಿ. ಯಾವ ಮನೆ ಖಾಲಿ ಉಳಿಯಿತೋ, ನಾಳೆಯ ಕೆಲಸ ಅಲ್ಲಿಂದ ಆರಂಭವಾಗತಕ್ಕದ್ದು.